ನನ್ನ ಬುದ್ಧಿಯನ್ನು ಎರಡು ಸಲ ಅಳೆದರು

ಮೊದಲ ಸಲ ಅಳೆದಾಗ ನನಗೆ ಒಂಬತ್ತು ವರ್ಷ. ಎರಡನೆಯ ಸಲ ಹತ್ತು ತುಂಬಿತ್ತು. ಎರಡರಲ್ಲೂ ಕೂತವಳು ನಾನೇ, ಎದುರಿಗಿದ್ದವರು ಮಾತ್ರ ಬೇರೆ. ಮೊದಲನೆಯವರು ಈ ಹುಡುಗಿಗೆ ಓದು ಹತ್ತುವುದಿಲ್ಲ ಅಂದರು. ಎರಡನೆಯವರು ಹತ್ತುತ್ತದೆ ಅಂದರು, ಹೇಗೆ ಹತ್ತುತ್ತದೆ ಅನ್ನುವುದನ್ನೂ ತೋರಿಸಿಕೊಟ್ಟರು. ನಮ್ಮ ಮನೆಯಲ್ಲಿ ಆಗ ಎದ್ದ ಮಾತುಗಳು ಬೇರೆ ಮನೆಗಳಲ್ಲೂ ಏಳುತ್ತಿರಬಹುದು. ಆ ಮನೆಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ತಮಿಳುನಾಡಿನ ಗಡಿಯಲ್ಲಿರುವ ಗುಮ್ಮಳಾಪುರ. ಊರಾಚೆ ಸ್ವಲ್ಪ ನಡೆದರೆ ಕರ್ನಾಟಕ. ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಸರ್ಕಾರಿ ಕಾಗದ ಎಲ್ಲ ತಮಿಳು. ಮನೆಯ ಮಾತು, ಶಾಲೆಯ ಪಾಠ ಕನ್ನಡ. ಅಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ಓಡಿಸುತ್ತಿದ್ದ. ಅಮ್ಮ ಹಸು ಮತ್ತು ಹೊಲ ನೋಡಿಕೊಳ್ಳುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಇವರಿಬ್ಬರನ್ನೂ ನೋಡಿಕೊಳ್ಳುತ್ತಿದ್ದಳು. ನಾನು ಒಬ್ಬಳೇ ಮಗಳು, ಮಂಜುಳ.

ನನಗೆ ಮಾತು ಬಂದದ್ದೇ ತಡವಾಗಿ. ಮಾತು ಬಂದ ಮೇಲೂ ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಬೆಳಿಗ್ಗೆ ಅಮ್ಮ ಒಲೆಯ ಮುಂದಿನಿಂದಲೇ ಕೂಗುವಳು: "ಮಕ ತೊಳ್ಕೊಂಡು ಯೂನಿಫಾರಂ ಹಾಕ್ಕೊಂಡು ಬಾರೆ, ತಿಂಡಿ ಆರೋಯ್ತದೆ." ನನಗೆ ಮುಖ ತೊಳೆಯಲು ಬರುತ್ತಿತ್ತು. ಯೂನಿಫಾರಂ ಹಾಕಿಕೊಳ್ಳಲು ಬರುತ್ತಿತ್ತು. ತಿಂಡಿ ತಿನ್ನಲಂತೂ ಚೆನ್ನಾಗಿಯೇ ಬರುತ್ತಿತ್ತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾವುದರ ತುದಿ ಎಲ್ಲಿದೆ ಎಂದು ಸಿಕ್ಕುತ್ತಿರಲಿಲ್ಲ. ಚೊಂಬು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತುಬಿಡುತ್ತಿದ್ದೆ. ಅಮ್ಮ ಬಂದು ನೋಡಿ, ತಲೆ ಚಚ್ಚಿಕೊಂಡು, ತಾನೇ ಮುಖ ತೊಳೆಸುತ್ತಿದ್ದಳು. ಅವಳಿಗೆ ಇದು ಹಟ. ನನಗೆ ಏನೆಂದು ಹೇಳಲು ಆಗ ಪದವಿರಲಿಲ್ಲ.

ಶಾಲೆಯಲ್ಲೂ ಅದೇ. ಲೆಕ್ಕದ ಪಾಠ ಮುಗಿದು ಕನ್ನಡ ಪಾಠ ಶುರುವಾದರೂ ನಾನು ಲೆಕ್ಕವನ್ನೇ ಮಾಡುತ್ತಿದ್ದೆ. ಯಾರಾದರೂ ಪುಸ್ತಕ ಕಿತ್ತುಕೊಂಡರೆ ಕಿರುಚುತ್ತಿದ್ದೆ. ನಾಲ್ಕನೆಯ ಕ್ಲಾಸಿನಲ್ಲಿ ಹೆಡ್ ಮಾಸ್ತರು ಅಪ್ಪನನ್ನು ಕರೆಸಿ, ಮಗುವನ್ನು ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದರು.

ಆ ಆಸ್ಪತ್ರೆಯ ನೆನಪೆಂದರೆ ಮೊದಲು ಶಬ್ದ. ಹಜಾರದಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು. ಟೋಕನ್ ನಂಬರು ಕೂಗುವವನ ಗಂಟಲು ಒಡೆದಿತ್ತು. ಎಲ್ಲೋ ಒಂದು ಟ್ರಾಲಿ ಎಳೆಯುತ್ತಿದ್ದರು. ನಮ್ಮನ್ನು ಕರೆಯುವ ಹೊತ್ತಿಗೆ ನನ್ನ ತಲೆ ತುಂಬಿಹೋಗಿತ್ತು, ಇನ್ನೊಂದು ಮಾತು ಹಿಡಿಸಲು ಅಲ್ಲಿ ಜಾಗವಿರಲಿಲ್ಲ. ಒಳಗೆ ಕೂತಿದ್ದ ಸಾರ್ ತಮಿಳಿನಲ್ಲಿ ಹೆಸರು ಕೇಳಿದರು. ಅಷ್ಟು ತಮಿಳು ನನಗೆ ಬರುತ್ತಿತ್ತು. ಆದರೆ ಅವರು ಪೆನ್ನಿನ ಗುಂಡಿಯನ್ನು ಟಿಕ್ ಟಿಕ್ ಎಂದು ಒತ್ತುತ್ತಿದ್ದರು, ನಾನು ಅದನ್ನೇ ಕೇಳುತ್ತ ಕೂತೆ. ಆಮೇಲೆ ಬಣ್ಣದ ಮರದ ತುಂಡುಗಳನ್ನು ಮುಂದಿಟ್ಟು, ತಾವೊಂದು ಆಕಾರ ಜೋಡಿಸಿ, ಹಾಗೇ ಮಾಡು ಎಂದು ಕೈಯಲ್ಲೇ ತೋರಿಸಿದರು. ಸಮಯ ನೋಡಲು ಗಡಿಯಾರದ ಗುಂಡಿ ಒತ್ತಿದರು. ನಾನು ತುಂಡುಗಳನ್ನೆಲ್ಲ ಒಂದೇ ಸಾಲಿನಲ್ಲಿ ಇಟ್ಟೆ. ಸಾಲು ನೇರವಾಗಿತ್ತು, ನನಗೆ ಸಮಾಧಾನವಾಯಿತು. ಅವರು ಗಡಿಯಾರ ನಿಲ್ಲಿಸಿದರು.

"ಬುದ್ಧಿ ಬೆಳವಣಿಗೆ ಕಡಿಮೆ. ಓದಿಸಿ ಪ್ರಯೋಜನ ಇಲ್ಲ. ಅವಳ ಕೆಲಸ ಅವಳು ಮಾಡಿಕೊಳ್ಳೋಷ್ಟು ಕಲಿಸಿದರೆ ಸಾಕು" ಎಂದು ಅಪ್ಪನಿಗೆ ಹೇಳಿದರು. ಕೆಟ್ಟ ಮನುಷ್ಯರೇನಲ್ಲ. ಹೊರಗೆ ಹಜಾರ ತುಂಬ ಜನ ಕಾಯುತ್ತಿದ್ದರು.

ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಕಡಲೆಕಾಯಿ ಕೊಡಿಸಿದಳು. ಬಸ್ಸಿನಲ್ಲಿ ಕೂತು ಒಂದೊಂದನ್ನೇ ಬಿಡಿಸಿ ನನ್ನ ಅಂಗೈಗೆ ಹಾಕುತ್ತ, "ನನ್ ಮಗಳ್ಗೆ ಏನೂ ಇಲ್ಲ" ಅಂದಳು. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ.

ಆಮೇಲಿನ ವರ್ಷವನ್ನು ನೆನೆದರೆ ಆಸ್ಪತ್ರೆಗಿಂತ ಮನೆಯೇ ಹೆಚ್ಚು ನೋಯಿಸುತ್ತದೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ನನ್ನ ಎದುರಿಗೇ ನನ್ನ ವಿಷಯ ಮಾತಾಡತೊಡಗಿದರು. ಗೋಡೆಯ ಎದುರಿಗೆ ಮಾತಾಡಿದ ಹಾಗೆ. ಧರ್ಮಪುರಿಯಿಂದ ಅಪ್ಪನ ತಂಗಿ ರತ್ನತ್ತೆ ಬಂದಾಗ, ಅವರ ಊರ ಹತ್ತಿರ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಹಾಸ್ಟೆಲ್ ಇದೆ ಅಂದಳು. ಅಪ್ಪ ಹೋಗಿ ನೋಡಿ ಬಂದ. ಚೊಕ್ಕಟವಾಗಿದೆ, ಊಟ ಚೆನ್ನಾಗಿದೆ, ಜೂನ್‌ನಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಬೇಕೋ ಬೇಡವೋ ಸಂಕ್ರಾಂತಿ ಹೊತ್ತಿಗೆ ತಿಳಿಸಬೇಕಂತೆ ಎಂದ.

ಅಜ್ಜಿ ಸಿಡಿದಳು. "ಎಮ್ಮೆ ಕರ ಹೊಡ್ಕೊಂಡೋಗಿ ಬುಟ್ಟು ಬರಂಗೆ ಬುಟ್ಟು ಬತ್ತೀಯೇನ್ಲಾ?"

"ನಾವ್ ಹೋದ್ಮೇಲೆ ಯಾರವ್ವ ಅವ್ಳನ್ನ ನೋಡೋರು?" ಎಂದ ಅಪ್ಪ. ಅವನ ದನಿ ಏರಲಿಲ್ಲ. ಅಮ್ಮ ಎದ್ದು ಹಸುವಿಗೆ ಹುಲ್ಲು ಹಾಕಲು ಹೋದಳು. ಹುಲ್ಲು ಆಗಲೇ ಹಾಕಿಯಾಗಿತ್ತು.

ಐದನೆಯ ಕ್ಲಾಸಿಗೆ, ನಮ್ಮೂರ ಶಾಲೆಯಲ್ಲಿ ಅದೇ ಕೊನೆ, ಲಲಿತಾ ಟೀಚರ್ ಬಂದರು. ದಿನವೂ ಹೊಸೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹಾಸ್ಟೆಲ್ ವಿಷಯ ತಿಳಿದಾಗ ಅಮ್ಮನನ್ನು ಕರೆದು, "ನಮ್ಮ ಬೀದೀಲಿ ಶನಿವಾರ ಶನಿವಾರ ಕೃಷ್ಣಗಿರಿಯಿಂದ ಒಬ್ಬರು ಮೇಡಂ ಬರ್ತಾರೆ. ಮಕ್ಕಳು ಹೇಗೆ ಕಲೀತಾರೆ ಅಂತ ನೋಡೋದೇ ಅವರ ಕೆಲಸ. ಕಳಿಸೋಕೆ ಮುಂಚೆ ಒಂದು ಸಲ ತೋರಿಸಿ" ಅಂದರು.

ಹೀಗೆ ನಾನು ವಸಂತಿ ಮೇಡಂ ಹತ್ತಿರ ಹೋದೆ. ಹೊಲಿಗೆ ಮೆಷಿನ್ ರಿಪೇರಿ ಅಂಗಡಿಯ ಮೇಲೆ ಅವರ ಕೋಣೆ. ಹೊರಗೆ ಮೊಗಸಾಲೆಯಲ್ಲಿ ಒಂದು ಬೆಂಚು. ಅಂಚೆಟ್ಟಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ತಾಯಿ ಮಗನೊಂದಿಗೆ ಕೂತಿದ್ದಳು. ಬೆಟ್ಟ ಇಳಿದು ನಡೆದುಕೊಂಡು ಬಂದು ಬಸ್ಸು ಹಿಡಿದವಳು. ಮಗ ಹಿಂದೆ ಮುಂದೆ ತೂಗುತ್ತ ಕೂತಿದ್ದ. ಅವಳು ಬುತ್ತಿ ಬಿಚ್ಚಿ ಅಮ್ಮನಿಗೆ ಒಂದು ರಾಗಿ ರೊಟ್ಟಿ ಕೊಟ್ಟು, "ನಿಮ್ದೂ ರಾತ್ರಿ ನಿದ್ದೆ ಮಾಡಲ್ವಾ?" ಎಂದು ಕೇಳಿದಳು. ಅಮ್ಮ ಅವಳ ಮುಖವನ್ನೇ ನೋಡಿದಳು. ನನ್ನ ವಿಷಯವನ್ನು ಅಷ್ಟು ಸಲೀಸಾಗಿ ಯಾರೂ ಅವಳನ್ನು ಕೇಳಿರಲಿಲ್ಲ. ಇಬ್ಬರೂ ಮಾತಿಗೆ ಬಿದ್ದರು. ನಮ್ಮನ್ನು ಒಳಗೆ ಕರೆದಾಗ ಅಮ್ಮನಿಗೆ ಏಳಲು ಮನಸ್ಸಿರಲಿಲ್ಲ.

ವಸಂತಿ ಮೇಡಂ ಮನೆಮಾತು ತಮಿಳು. ಕನ್ನಡ ಅರ್ಧಂಬರ್ಧ. ನಾನು ಒಳಗೆ ಹೋದವಳೇ ಮೇಲೆ ನೋಡಿದೆ. ಅವರೂ ಮೇಲೆ ನೋಡಿ ಎದ್ದು ಹೋಗಿ ಫ್ಯಾನ್ ಆರಿಸಿದರು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅಮ್ಮ ಚಡಪಡಿಸಿ, "ಹೆಸ್ರು ಹೇಳೇ, ಮೇಡಂಗೆ ಹೆಸ್ರು ಹೇಳು" ಎಂದು ತಿವಿದಳು.

"ಬಿಡಿಮ್ಮಾ. ಅವಳಿಗೆ ಆದಾಗ ಹೇಳಲಿ. ನನಗೆ ಟೈಮ್ ಇದೆ" ಎಂದರು ಮೇಡಂ.

ಮೇಜಿನ ಮೇಲೆ ಕಾರ್ಡುಗಳನ್ನು ಹರಡಿದರು. ಹೂವು, ಮೀನು, ಮಡಕೆಯ ಚಿತ್ರಗಳು, ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ. ಮೊದಲು ಬಣ್ಣಕ್ಕೆ ಬಣ್ಣ ಸೇರಿಸು ಅಂದರು. ಸೇರಿಸಿದೆ. ಈಗ ಬಣ್ಣ ಬಿಡು, ಚಿತ್ರಕ್ಕೆ ಚಿತ್ರ ಸೇರಿಸು ಅಂದರು. ನಾನು ಮತ್ತೆ ಹಳದಿಯ ಮೇಲೆ ಹಳದಿ ಇಟ್ಟೆ. ಇನ್ನೊಮ್ಮೆ ಹೇಳಿದರು. ಮತ್ತೆ ಹಳದಿ. ಇದನ್ನು ನಾನು ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನಿಂದ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ. ಅವರ ಮಾತು ನನಗೆ ಅರ್ಥವಾಗಿತ್ತು. ತಪ್ಪು ಇಡುತ್ತಿದ್ದೇನೆ ಎಂದೂ ಗೊತ್ತಿತ್ತು. ತಲೆ ಮೀನು ಅನ್ನುವಷ್ಟರಲ್ಲಿ ಕೈ ಹಳದಿಯ ಕಡೆ ಹೋಗಿಬಿಟ್ಟಿರುತ್ತಿತ್ತು. ಅಳು ಬಂತು.

ಹಿಂದಿನ ಆಸ್ಪತ್ರೆಯಲ್ಲಾಗಿದ್ದರೆ ಪರೀಕ್ಷೆ ಇಲ್ಲಿಗೆ ಮುಗಿಯುತ್ತಿತ್ತು. ಮೇಡಂ ಮಾತ್ರ ಪೆನ್ಸಿಲ್ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ಕೂತರು. "ಕಣ್ಣು, ಈಗ ನಾನೂ ಆಡ್ತೀನಿ." ಕಣ್ಣು ಎಂದರೆ ತಮಿಳಿನಲ್ಲಿ ಮಕ್ಕಳನ್ನು ಮುದ್ದಾಗಿ ಕರೆಯುವ ಮಾತು. ಮೊದಲು ಬಾಯಲ್ಲಿ ಹೇಳಿಕೊಟ್ಟು ನೋಡಿದರು. ನನಗೆ ಆಗಲಿಲ್ಲ. ಮೊದಲ ಕಾರ್ಡನ್ನು ತಾವೇ ಇಟ್ಟು ತೋರಿಸಿದರು. ಸ್ವಲ್ಪ ಆಯಿತು, ಮತ್ತೆ ತಪ್ಪಿತು. ಆಮೇಲೆ ನಾನು ಎತ್ತಿಕೊಂಡ ಕಾರ್ಡಿನ ಮೇಲೆ ತಮ್ಮ ಅಂಗೈ ಮುಚ್ಚಿ, "ಈಗ ಏನು?" ಅಂದರು. ಕಾರ್ಡು ಮುಚ್ಚಿತ್ತು, ಕೈ ಎಲ್ಲಿಗೂ ಓಡುವಂತಿರಲಿಲ್ಲ. ಆ ಬಿಡುವಿನಲ್ಲಿ ನನಗೆ ಮಾತು ಸಿಕ್ಕಿತು. "ಮೀನು" ಅಂದೆ. ಅವರು ಅಂಗೈ ತೆಗೆದರು. ಮೀನಿನ ಮೇಲೆ ಮೀನು ಇಟ್ಟೆ.

ಹಾಗೆ ಕೆಲವು ಸಲ ಆದಮೇಲೆ ಅವರು ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ನನ್ನ ಕೈಯನ್ನೇ ಕಾರ್ಡಿನ ಮೇಲೆ ಮುಚ್ಚಿ, ಒಳಗೊಳಗೇ ಈಗ ಏನು ಎಂದು ಕೇಳಿಕೊಂಡೆ. ಬೇರೆ ಕಾರ್ಡು ತಂದರು, ಎಲೆ ಮತ್ತು ಗುಂಡಿಗಳದ್ದು. ಅದರಲ್ಲೂ ಹೇಳಿಸಿಕೊಳ್ಳದೆ ಹಾಗೇ ಮಾಡಿದೆ. ಮೇಡಂ ಅಮ್ಮನನ್ನು ಹತ್ತಿರ ಕರೆದರು. "ನೋಡಿಮ್ಮಾ, ಆಗಲೇ ಇದು ಬರ್ಲಿಲ್ಲ. ಈಗ ಬರ್ತದೆ."

ಅಮ್ಮ ಸುಲಭಕ್ಕೆ ಒಪ್ಪುವವಳಲ್ಲ. "ಇಸ್ಪೀಟ್ ಎಲೆ ಜೋಡ್ಸುದ್ರೆ ಸ್ಕೂಲಲ್ಲಿ ಪಾಸ್ ಮಾಡ್ಬುಡ್ತಾರಾ ಮೇಡಂ?"

ಮೇಡಂ ನಕ್ಕರು. "ಪಾಸ್ ಆಮೇಲೆ. ಇವಳಿಗೆ ಏನು ಗೊತ್ತು ಅಂತ ಎಲ್ಲರೂ ಕೇಳಿದ್ದಾರೆ. ಹೇಳಿಕೊಟ್ರೆ ಎಷ್ಟು ಕಲೀತಾಳೆ ಅಂತ ನಾನು ನೋಡ್ತಾ ಇದ್ದೀನಿ. ಯಾವ ಥರ ಹೇಳಿಕೊಟ್ರೆ ಕಲೀತಾಳೆ, ಅದೂ. ಮುಂದಿನ ಶನಿವಾರ ಬನ್ನಿ. ನೆನಪು ಇರ್ತದಾ ನೋಡ್ಬೇಕು." ಹೊರಡುವಾಗ ಆಟಿಸಂ ಎಂಬ ಪದವನ್ನೂ ಹೇಳಿದರು. ಅದು ವಾಸಿ ಮಾಡುವಂಥದ್ದಲ್ಲ, ಕೆಲಸ ಶುರು ಮಾಡುವುದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಇವಳಿಗೆ ಯಾವಾಗಲೂ ಕಷ್ಟವೇ, ಸುಳ್ಳು ಹೇಳಿ ಕಳಿಸುವುದಿಲ್ಲ ಅಂದರು. ಅಮ್ಮ ಮನೆಗೆ ಬಂದು ಅದನ್ನೇ ಹೇಳಿದಾಗ ಅಜ್ಜಿ, "ಅದೇನೇ ಅದು, ಆಟದ ಕಾಯಿಲೇನಾ? ಆಟ ಆಡುದ್ರೆ ಆಡ್ಲಿ ಬುಡು" ಅಂದಳು.

ಮುಂದಿನ ಶನಿವಾರ ಎಲ್ಲ ಕೆಟ್ಟಿತು. ರಾಗಿ ಕೊಯ್ಲಿನ ಕಾಲ, ಪಕ್ಕದ ತಳಿ ಊರಿನ ಕಡೆಯ ಕಾಡಿನಿಂದ ಆನೆಗಳು ಹೊಲಕ್ಕಿಳಿದಿದ್ದವು. ರಸ್ತೆ ಪಕ್ಕದಲ್ಲೇ ಹಿಂಡು ನಿಂತಿದೆ ಎಂದು ಫಾರೆಸ್ಟಿನವರು ಬಸ್ಸು ನಿಲ್ಲಿಸಿದರು. ಕೊನೆಗೆ ಡ್ರೈವರ್ ಬಸ್ಸು ತಿರುಗಿಸಿ ಬೇರೆ ದಾರಿ ಹಿಡಿದ. ಆನೆಗೆ ನಾನು ಹೆದರಲಿಲ್ಲ. ಬಸ್ಸು ದಿನದ ದಾರಿ ಬಿಟ್ಟಿತಲ್ಲ, ಅದನ್ನು ತಡೆಯಲಾಗಲಿಲ್ಲ. ಕಿವಿ ಮುಚ್ಚಿಕೊಂಡು ಹೊಸೂರಿನವರೆಗೂ ಕೂಗಿದೆ. ಜನ ತಿರುಗಿ ತಿರುಗಿ ನೋಡಿದರು. ಒಬ್ಬ ಹೆಂಗಸು ತೆಲುಗಿನಲ್ಲಿ ದೆವ್ವ ಬಿಡಿಸಬೇಕು ಅಂದಳು. ಅಮ್ಮ ನನ್ನನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

ಅಂಗಡಿಯ ಮೆಟ್ಟಿಲ ಬುಡದಲ್ಲಿ ನಾನು ಕೂತುಬಿಟ್ಟೆ, ಮೇಲೆ ಹತ್ತಲಿಲ್ಲ. ಅಮ್ಮ ಮೇಲೆ ಕೂಗಿ, "ಇವತ್ತು ಬ್ಯಾಡ ಮೇಡಂ, ವಾಪಸ್ ಹೊಂಟೋಗ್ತೀವಿ" ಅಂದಳು. ಮೇಡಂ ಕೆಳಗಿಳಿದು ಬಂದು, ಸೀರೆ ಒಟ್ಟು ಮಾಡಿಕೊಂಡು ನನಗಿಂತ ಒಂದು ಮೆಟ್ಟಿಲು ಮೇಲೆ ಕೂತರು. ಅಂಗಡಿಯಲ್ಲಿ ಮೆಷಿನ್ನಿಗೆ ಎಣ್ಣೆ ಬಿಟ್ಟು ಚಕ್ರ ತಿರುಗಿಸುತ್ತಿದ್ದರು, ಆ ಶಬ್ದ ಮೆತ್ತಗಿತ್ತು. ಕೂಗು ತಾನಾಗಿ ನಿಂತಿತು. ಆಗ ಮೇಡಂ ಕಾರ್ಡಿನ ಕಟ್ಟನ್ನು ನಮ್ಮಿಬ್ಬರ ನಡುವೆ ಇಟ್ಟರು. ಮೂಗು ಒರೆಸಿಕೊಂಡು ಆಡಿದೆ. ಬಣ್ಣ ಆಯಿತು, ಚಿತ್ರಕ್ಕೆ ಬದಲಾಯಿಸಿದರು. ನಾನು ಕಾರ್ಡಿನ ಮೇಲೆ ಕೈ ಮುಚ್ಚಿದೆ.

"ಇಷ್ಟು ಕೆಟ್ಟ ದಿನದಲ್ಲೂ ಮರೆತಿಲ್ಲ" ಎಂದರು ಮೇಡಂ ಅಮ್ಮನ ಕಡೆ ತಿರುಗಿ. "ಮುಂದಿನ ವಾರ ಅವಳಪ್ಪ ಬರಲಿ."

ಅಪ್ಪ ಶಿಫ್ಟ್ ಬದಲಾಯಿಸಿಕೊಂಡು ಬಂದ. ಕುರ್ಚಿಯ ತುದಿಯಲ್ಲಿ ಕೂತಿದ್ದ. ಹಿಂದಿನ ಸಲದ ತೀರ್ಪನ್ನೇ ಇನ್ನೊಮ್ಮೆ ಕೇಳಲು ಬಂದವನ ಹಾಗಿತ್ತು ಅವನ ಮುಖ. ಮೇಡಂ ಆ ದಿನ ಕಾರ್ಡು ತೆಗೆಯಲಿಲ್ಲ. ನಿಂಬೆಹಣ್ಣು, ಚಾಕು, ಸಕ್ಕರೆ, ಉಪ್ಪು, ನೀರು, ಲೋಟ, ಚಮಚ ಎಲ್ಲವನ್ನೂ ಮೇಜಿನ ಮೇಲೆ ರಾಶಿ ಹಾಕಿ, "ಅಪ್ಪನಿಗೆ ಶರಬತ್ತು ಮಾಡು ಕಣ್ಣು" ಅಂದರು.

ನಾನು ನಿಂತೆ. ಬಚ್ಚಲ ಬಾಗಿಲಲ್ಲಿ ನಿಲ್ಲುವ ಹಾಗೆಯೇ. ಅಪ್ಪ ತಲೆ ತಗ್ಗಿಸಿದ. ಮೇಡಂ ಅವಸರ ಮಾಡದೆ ಸಾಮಾನುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟರು. ಮೊದಲು ಬೇಕಾದ್ದು ಮೊದಲು, ಕೊನೆಗೆ ಬೇಕಾದ್ದು ಕೊನೆಗೆ. ಸಾಲು ಎಂದರೆ ನನಗೆ ಮೊದಲಿನಿಂದಲೂ ಇಷ್ಟ. ಆ ತುದಿಯಿಂದ ಈ ತುದಿಗೆ ಹೋದೆ, ಶರಬತ್ತಾಯಿತು. ಅದನ್ನು ಅಮ್ಮನಿಗೆ ಕೊಟ್ಟು, ಮೇಡಂ ಸಾಮಾನನ್ನು ಮತ್ತೆ ರಾಶಿ ಹಾಕಿದರು. "ಈಗ ಅಪ್ಪನಿಗೆ." ಈ ಸಲ ಸಾಲು ಮಾಡಿದವಳು ನಾನೇ. ಎಲ್ಲರೂ ಸುಮ್ಮನೆ ಕಾದರು. ಲೋಟವನ್ನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಕುಡಿದು, ಕೆಮ್ಮಿ, "ಉಪ್ಪು ಒಂಚೂರು ಜಾಸ್ತಿ ಆಯ್ತು" ಅಂದ. ಕಣ್ಣು ಒರೆಸಿಕೊಂಡ. ಲೋಟ ಕೆಳಗಿಟ್ಟು ಕೇಳಿದ: "ಮೇಡಂ, ನಮ್ ಲೇತಲ್ಲಿ ಒಂದ್ ಜಾಬ್ ಮುಗ್ದು ಇನ್ನೊಂದು ಹಾಕ್ಬೇಕಾದ್ರೆ ಟೂಲ್ ಬದ್ಲಾಯಿಸ್ಬೇಕು, ಸೆಟ್ಟಿಂಗ್ ಮಾಡ್ಕೋಬೇಕು. ಮಾಡ್ದೆ ಓಡ್ಸುದ್ರೆ ಪೀಸೆಲ್ಲಾ ರಿಜೆಕ್ಟು. ಇವ್ಳ್ಗೆ ಸೆಟ್ಟಿಂಗ್ ಮಾಡ್ಕೊಳಾಕೆ ಟೈಮೇ ಕೊಡ್ದೆ ನಾವ್ ಓಡುಸ್ತಿದ್ವಾ?"

"ಅಷ್ಟೇ ಸಾರ್" ಅಂದರು ಮೇಡಂ. "ನೀವು ಹೇಳಿದ ಹಾಗೇ ಅವಳ ಸ್ಕೂಲಿಗೆ ಬರೆದು ಕೊಡ್ತೀನಿ." ಆಮೇಲೆ ಇನ್ನೊಂದು ಮಾತು ಹೇಳಿದರು. "ಹಾಸ್ಟೆಲ್ ನಿಮ್ಮ ಇಷ್ಟ. ಆದರೆ ಅವಳನ್ನೂ ಒಂದು ಮಾತು ಕೇಳಿ. ಕೇಳಿ, ಕಾಯಿರಿ."

ಮುಂದೆ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಪವಾಡ ಯಾವುದೂ ಆಗಲಿಲ್ಲ. ಲಲಿತಾ ಟೀಚರ್ ಪಾಠ ಬದಲಾಯಿಸುವ ಮೊದಲು ನನ್ನ ಡೆಸ್ಕಿನ ಹತ್ತಿರ ಬಂದು, ಮುಂದಿನ ಪುಸ್ತಕವನ್ನು ಈಗಿನ ಪುಸ್ತಕದ ಪಕ್ಕ ಇಟ್ಟು ಹೋಗುತ್ತಿದ್ದರು. ಅಮ್ಮ ರಾತ್ರಿಯೇ ಸೋಪು, ಟವೆಲ್, ಯೂನಿಫಾರಂ, ತಟ್ಟೆ ಎಲ್ಲವನ್ನೂ ಜಗಲಿಯ ಮೇಲೆ ಸಾಲಾಗಿ ಇಡತೊಡಗಿದಳು. ಒಂದು ವರ್ಷದ ಮೇಲೆ ಆ ಸಾಲನ್ನು ನಾನೇ ಇಡತೊಡಗಿದೆ. ಹತ್ತನೆಯ ಕ್ಲಾಸಿನಲ್ಲಿ ಲೆಕ್ಕ ಹೋಯಿತು, ಎರಡನೆಯ ಸಲ ಪಾಸಾದೆ. ಪ್ಲಸ್ ಟೂ ಮುಗಿಸಿದೆ. ಈಗ ತಳಿ ರಸ್ತೆಯ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ. ಟೊಮೇಟೊ, ಕ್ಯಾಪ್ಸಿಕಂ ಸಸಿಗಳ ಟ್ರೇಗಳು ಯಾವ ರೈತನಿಗೆ ಯಾವ ದಿನ ಹೋಗಬೇಕು ಎಂದು ನೋಡಿಕೊಳ್ಳುವುದು ನನ್ನ ಪಾಲು. ಇಂದಿಗೂ ಮೂರು ಜನ ಒಟ್ಟಿಗೆ ಮೂರು ಕೆಲಸ ಹೇಳಿದರೆ ನಿಂತುಬಿಡುತ್ತೇನೆ. ಒಬ್ಬೊಬ್ಬರಾಗಿ ಹೇಳಿ ಎಂದು ಕೇಳುವುದನ್ನು ಕಲಿತಿದ್ದೇನೆ. ಕೇಳಿದರೆ ಹೇಳುತ್ತಾರೆ.

ಆದರೆ ನಾನು ಎಲ್ಲಕ್ಕಿಂತ ಹೆಚ್ಚು ನೆನೆಯುವುದು ಆ ಸಂಕ್ರಾಂತಿಗೆ ಮುಂಚಿನ ಭಾನುವಾರವನ್ನು. ರತ್ನತ್ತೆ ಹಾಸ್ಟೆಲ್‌ನವರಿಗೆ ಏನು ಹೇಳಬೇಕೆಂದು ತಿಳಿದುಕೊಂಡು ಹೋಗಲು ಬಂದಿದ್ದಳು. ಜಗಲಿಯ ಮೇಲೆ ಅವರೆಕಾಯಿ ರಾಶಿ ಬಿದ್ದಿತ್ತು. ಎಲ್ಲರೂ ಸುತ್ತ ಕೂತು ಸುಲಿಯುತ್ತಿದ್ದೆವು. ಅಪ್ಪ, ಅತ್ತೆ ಇಬ್ಬರೂ ಎಂದಿನಂತೆ ನನ್ನ ವಿಷಯ ಮಾತಾಡುತ್ತಿದ್ದರು.

ಅಮ್ಮ ಕೈ ನಿಲ್ಲಿಸಿ, "ಅವ್ಳನ್ನೇ ಕೇಳಾನ" ಅಂದಳು.

"ಅವ್ಳ್ಗೇನ್ ಗೊತ್ತಾಯ್ತದೆ ಅತ್ಗೆ?" ಅಂದಳು ರತ್ನತ್ತೆ.

ಅಮ್ಮ ನನ್ನ ಕಡೆ ತಿರುಗಿ, ನಿಧಾನವಾಗಿ, ಒಂದಾದ ಮೇಲೆ ಒಂದರಂತೆ ಹೇಳಿದಳು. "ಮಂಜುಳಾ, ಧರ್ಮಪುರೀಲಿ ಹಾಸ್ಟೆಲ್ ಐತೆ. ಅಲ್ಲೇ ಮಲ್ಗೋದು, ಅಲ್ಲೇ ಉಣ್ಣೋದು. ತಳೀಲಿ ದೊಡ್ಡ ಸ್ಕೂಲ್ ಐತೆ. ಬೆಳಿಗ್ಗೆ ಹೋಗಿ ಸಾಯಂಕಾಲ ಬರೋದು. ನಿಂಗ್ ಎಲ್ಗೆ ಹೋಗ್ಬೇಕು?"

ನನಗೆ ಹೊತ್ತು ಹಿಡಿಯಿತು. ಎರಡನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟುಕೊಳ್ಳಬೇಕಿತ್ತು. ಒಂದೊಂದನ್ನೇ ನೋಡಬೇಕಿತ್ತು. ಎಲ್ಲರೂ ಕಾಯಿ ಸುಲಿಯುತ್ತ ಕಾದರು. ರತ್ನತ್ತೆ ತಡೆಯಲಾರದೆ, "ನೋಡು, ನಾನ್ ಹೇಳ್ಳಿಲ್ವಾ..." ಎಂದು ಬಾಯಿ ತೆರೆದಳು.

"ಸುಮ್ಕಿರೆ ರತ್ನಾ" ಅಂದಳು ಅಜ್ಜಿ. "ಅವ್ಳು ಯೋಚ್ನೆ ಮಾಡ್ತಾವ್ಳೆ."

ಹುಟ್ಟಿದಾಗಿನಿಂದ ನನ್ನ ಮೌನಕ್ಕೆ ಹಟ, ಮಂಕು, ದೆವ್ವ ಎಂದೆಲ್ಲ ಹೆಸರಿಟ್ಟಿದ್ದರು. ಯೋಚನೆ ಎಂದು ಯಾರೂ ಅಂದಿರಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಆಮೇಲೆ ಹೇಳಿದೆ. "ತಳಿ ಸ್ಕೂಲು. ಬೆಳಿಗ್ಗೆ ಹಾಡಿನ ಹಾರ್ನ್ ಹೊಡ್ಕೊಂಡು ಬತ್ತದಲ್ಲ, ಆ ಬಸ್ ಬ್ಯಾಡ. ಅದ್ರ ಹಿಂದುಗಡೆ ಬರೋ ಬಸ್ಸು."

ಅಷ್ಟು ಉದ್ದದ ಮಾತನ್ನು ನಾನು ಒಮ್ಮೆಗೇ ಆಡಿದ್ದನ್ನು ಅವರು ಕೇಳಿರಲಿಲ್ಲ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಪ್ಪ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ನಗುತ್ತಲೇ ಎದ್ದು, ಚಪ್ಪಲಿ ಹುಡುಕುತ್ತ, "ಎಸ್ಟಿಡಿ ಬೂತಿಗೆ ಹೋಗಿ ಜಾಗ ಬ್ಯಾಡ ಅಂತ ಹಾಸ್ಟೆಲ್ನೋರ್ಗೆ ಹೇಳ್ಬುಟ್ಟು ಬತ್ತೀನಿ" ಅಂದ.

"ಹೋಗ್ವಂತೆ" ಅಂದಳು ಅಜ್ಜಿ. "ಮೊದ್ಲು ನಿನ್ ಪಾಲಿನ ಕಾಯಿ ಸುಲ್ದು ಹೋಗ್ಲಾ."